ಪಡುಕೋಡಿಯ ಪೊರೆ

ಅಜ್ಜನಿಗೆ ಮರೆವು ಬಂದಿದೆ ಎಂದು ನಿನ್ನೆ ಗ್ರೂಪಿನಲ್ಲಿ ಬರೆದವನು ಯಾರೆಂದು ನನಗೆ ಗೊತ್ತುಂಟು. ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಅಮ್ಮನಿಗೆ ಬೇಸರ. ಅದರ ಕೆಳಗೆ ನಗುವ ಮುಖ ಹಾಕಿದವರನ್ನೂ ನೋಡಿಟ್ಟಿದ್ದೇನೆ. ಫೋನು ನೆನಪಿಸದಿದ್ದರೆ ಹೆಂಡತಿ ಹುಟ್ಟಿದ ದಿನ ಗೊತ್ತಾಗದ ಜನ ನೀವು, ನನ್ನ ನೆನಪಿಗೆ ಮಾರ್ಕು ಹಾಕಲು ಹೊರಟಿದ್ದೀರಿ. ನನಗೆ ಟೈಪ್ ಮಾಡಲು ಆಗುವುದಿಲ್ಲ, ಅಕ್ಷರ ಒಂದು ಒತ್ತಿದರೆ ಇನ್ನೊಂದು ಬರುತ್ತದೆ. ಹಾಗಾಗಿ ಮಾತಿನಲ್ಲೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಕೂತು ಕೇಳಿ. ಎರಡು ಪಟ್ಟು ವೇಗದಲ್ಲಿ ಓಡಿಸಬೇಡಿ. ಆಗ ನನ್ನ ಸ್ವರ ಬಾತುಕೋಳಿಯದ್ದರ ಹಾಗೆ ಕೇಳುತ್ತದಂತೆ, ಮೊಮ್ಮಗಳು ಹೇಳಿದಳು.

ವಿಷಯ ಇಷ್ಟೆ. ಸುಟ್ಟಗಾಯಕ್ಕೆ ಹಾಸುವ ಬಿಳಿ ಪೊರೆ, ಈಗ ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದು, ಅದರ ತಳಿ ಎಲ್ಲೋ ದೂರದ ದೊಡ್ಡ ಪ್ರಯೋಗಾಲಯದಲ್ಲಿ ಹುಟ್ಟಿತು ಎಂದು ಒಂದು ವಿಡಿಯೋ ಬಂತು. ಅಲ್ಲ, ಅದು ನಮ್ಮ ಪಡುಕೋಡಿಯದ್ದು ಎಂದು ನಾನು ಹೇಳಿದೆ. ಅದಕ್ಕೆ ನೀವು ಮರೆವು ಎಂದಿರಿ. ಆ ದಿನ ಯಂತ್ರದ ಮುಂದೆ ಕೂತಿದ್ದವನು ನಾನು. ನೀವು ಆಗ ಹುಟ್ಟಿರಲೇ ಇಲ್ಲ.

ಡೀಸೆಲ್ ದೋಣಿಗಳು ಹೋಗಿ ಬ್ಯಾಟರಿ ದೋಣಿಗಳು ಬಂದ ಕಾಲ ಅದು. ಹೊಗೆ ಇಲ್ಲ, ಶಬ್ದ ಇಲ್ಲ ಎಂದು ಎಲ್ಲರಿಗೂ ಖುಷಿ. ಆದರೆ ಬ್ಯಾಟರಿಯ ಒಳಗೆ ಉಪ್ಪುನೀರು ಹೋಗಿ ಹೊತ್ತಿಕೊಂಡಿತೆಂದರೆ ಅದು ಮಾಮೂಲಿ ಬೆಂಕಿಯಲ್ಲ, ಆರಿತು ಎಂದುಕೊಂಡ ಮೇಲೆ ಮತ್ತೆ ಎದ್ದು ಉರಿಯುವ ಬೆಂಕಿ. ಕರಾವಳಿಯುದ್ದಕ್ಕೂ ಸುಟ್ಟವರ ಸಂಖ್ಯೆ ಹೆಚ್ಚಾಯಿತು. ಹಾಗಾಗಿ ಪಡುಕೋಡಿ ಬಂದರಿನ ಪಕ್ಕ ಸುಟ್ಟಗಾಯಕ್ಕೆಂದೇ ಒಂದು ಸಣ್ಣ ಆಸ್ಪತ್ರೆ ಆಯಿತು. ಅದರ ಹಿಂಬದಿಯಲ್ಲಿ ಒಂದು ಪ್ರಯೋಗಾಲಯ. ಅಲ್ಲಿ ನಾನು ಟೆಕ್ನಿಶಿಯನ್.

ನಾವು ಅಲ್ಲಿ ಬೆಳೆಸುತ್ತಿದ್ದದ್ದು ಪೊರೆ. ತೆಂಗಿನ ಮರದಿಂದ ಇಳಿಸಿದ ಕಳ್ಳನ್ನು ಭರಣಿಯಲ್ಲಿ ಹುಳಿಯಲು ಬಿಟ್ಟರೆ ವಿನೇಗರ್ ಆಗುತ್ತದೆ, ನಮ್ಮ ಊರಿನ ಕ್ರಿಸ್ತುವರ ಮನೆಗಳಲ್ಲಿ ಅದು ಇಲ್ಲದೆ ಹಬ್ಬದ ಅಡುಗೆ ಇಲ್ಲ. ಹುಳಿ ಮಾಡುವುದು ಬ್ಯಾಕ್ಟೀರಿಯಾ. ಕಳ್ಳಿನಲ್ಲಿರುವ ಆಲ್ಕೋಹಾಲನ್ನು ಗಾಳಿಯ ಜೊತೆ ಸೇರಿಸಿ ಅಸಿಟಿಕ್ ಆಮ್ಲ ಮಾಡುವ ಜಾತಿಗಳು ಅವು. ಅವುಗಳಲ್ಲಿ ಒಂದು ಪಂಗಡಕ್ಕೆ ಕೊಮಾಗಟೈಬ್ಯಾಕ್ಟರ್ ಎಂದು ಹೆಸರು. ಎಲ್ಲಿ, ನೀವು ಒಂದು ಸಲ ತಪ್ಪದೆ ಹೇಳಿ ನೋಡುವ. ಮರೆವು ಇರುವವ ನಾನು ಹೇಳುತ್ತಿದ್ದೇನೆ. ಅದು ಹುಳಿ ಮಾಡುವುದಷ್ಟೇ ಅಲ್ಲ, ನೂಲನ್ನೂ ತೆಗೆಯುತ್ತದೆ. ಹತ್ತಿಯಲ್ಲಿರುವಂಥದ್ದೇ ಸೆಲ್ಯುಲೋಸ್, ಆದರೆ ಕಣ್ಣಿಗೆ ಕಾಣದಷ್ಟು ಸಪೂರ. ಮೇಲೆ ತೇಲಿಕೊಂಡಿದ್ದರೆ ಗಾಳಿ ಸಿಗುತ್ತದಲ್ಲ, ಅದಕ್ಕಾಗಿ ಅವು ತಮಗೆ ತಾವೇ ನೇಯ್ದುಕೊಳ್ಳುವ ಚಾಪೆ ಅದು. ಆ ಚಾಪೆಯನ್ನು ಕ್ಷಾರದಲ್ಲಿ ಕುದಿಸಿ, ಬ್ಯಾಕ್ಟೀರಿಯಾ ಎಲ್ಲ ಸತ್ತ ಮೇಲೆ ಚೆನ್ನಾಗಿ ತೊಳೆದು ಗಾಯದ ಮೇಲೆ ಹಾಸಬೇಕು. ತಂಪಾಗಿ ಅಂಟಿ ಕೂರುತ್ತದೆ. ಅದರ ಅಡಿಯಲ್ಲಿ ಹೊಸ ಚರ್ಮ ಬರುತ್ತದೆ. ದಿನಾ ಕಿತ್ತು ದಿನಾ ಕಿರುಚುವ ಕೆಲಸ ಇಲ್ಲ. ರೋಗಿಗಳು ಅದಕ್ಕೆ ಇಟ್ಟ ಹೆಸರು ನೀರುದೋಸೆ.

ನಾನು ಕಳ್ಳು ಇಳಿಸುವವರ ಮನೆಯವ. ನನ್ನ ತಂದೆ ಬಸ್ಸು ಹತ್ತಿದರೆ ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಅದೇ ಕಳ್ಳಿನ ಮೇಲೆ ಒಂದು ಆಸ್ಪತ್ರೆ ನಿಂತಿತ್ತು. ಹೆಮ್ಮೆಯಿಂದ ಹೇಳಬಾರದು ಎಂದರೆ ಮತ್ತೆ ಹೇಗೆ ಹೇಳುವುದು, ಅತ್ತುಕೊಂಡಾ?

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಮಿಸ್ರಿಯಾ, ಪಕ್ಕದ ಊರಿನ ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ. ಕಳ್ಳಿನ ಕ್ಯಾನು ಬಂದ ದಿನ ಆಕೆ ಬಾಗಿಲ ಹೊರಗೇ ನಿಲ್ಲುತ್ತಿದ್ದಳು. "ಸುಕೇಶಣ್ಣ, ಹುಳಿ ಆಗುವ ತನಕ ಅದು ನಿಮ್ಮದು. ಹುಳಿ ಆದ ಮೇಲೆ ನನ್ನದು," ಎನ್ನುವಳು. ಟ್ರೇಗಳನ್ನು ನೋಡಿಕೊಳ್ಳಲು ಪ್ರೆಸಿಲ್ಲಾ ಇದ್ದಳು, ಅವಳ ಕೈಕೆಳಗೆ ಊರಿನ ಕೆಲವು ಹೆಂಗಸರು. ಎಲ್ಲರೂ ವಿನೇಗರ್ ಮಾಡುವ ಮನೆಗಳವರೇ. ಭರಣಿ, ಸೌಟು, ಸೋಸುವ ಬಟ್ಟೆ ಇವರಿಗಿಂತ ಶುದ್ಧವಾಗಿ ಇಟ್ಟುಕೊಳ್ಳುವವರು ಯಾರು ಎಂದು ಡಾಕ್ಟರೇ ಆರಿಸಿ ತೆಗೆದುಕೊಂಡದ್ದು.

ಇನ್ನು ಯಂತ್ರ. ಅದಕ್ಕೆ ನಾವು ಓದುಗ ಎನ್ನುತ್ತಿದ್ದೆವು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು. ಒಂದು ತೊಟ್ಟು ಹಾಕಿದರೆ ಅದರಲ್ಲಿರುವ ಡಿಎನ್‌ಎ ಎಂಬ ದಾರವನ್ನು ಒಂದು ಅತಿಸಣ್ಣ ತೂತಿನ ಮೂಲಕ ಎಳೆಯುತ್ತದೆ. ದಾರದಲ್ಲಿ ನಾಲ್ಕೇ ಅಕ್ಷರ, ಅವೇ ಹಿಂದು ಮುಂದಾಗಿ ಬರುವುದು. ಒಂದೊಂದು ಅಕ್ಷರ ದಾಟುವಾಗಲೂ ಕರೆಂಟು ಒಂದೊಂದು ರೀತಿ ನಡುಗುತ್ತದೆ, ಆ ನಡುಕದಿಂದ ಯಂತ್ರ ಓದುತ್ತದೆ. ಗಾಯಕ್ಕೆ ತಾಗುವ ಯಾವುದನ್ನು ಬೆಳೆಸಿದರೂ ಪ್ರತಿ ಬೆಳಗ್ಗೆ ಹೀಗೆ ಓದಿ ಬ್ಯಾಕ್ಟೀರಿಯಾದ ಹೆಸರನ್ನು ಜಿಲ್ಲೆಯ ನಿಯಂತ್ರಣ ಕೋಣೆಗೆ ಕಳಿಸಬೇಕೆಂದು ಕಾನೂನು. ಹೆಸರು ಸರಿಯಿದ್ದರೆ ಹಸಿರು ದೀಪ, ತಪ್ಪಿದರೆ ಕೆಂಪು. ಹೆಸರು ತಿಳಿಯಲು ಇಡೀ ದಾರ ಓದಬೇಕಾಗಿಲ್ಲ, ಒಂದು ಗಿಡ್ಡ ತುಂಡು ಸಾಕು. ಗೇಟಿನ ಮೇಲಿನ ಬೋರ್ಡು ಓದಿದ ಹಾಗೆ. ಯಾರ ಮನೆ ಎಂದು ಗೊತ್ತಾಗುತ್ತದೆ. ಒಳಗೆ ಇವತ್ತು ಒಲೆ ಹೊತ್ತಿಸಿದ್ದಾರಾ ಇಲ್ಲವಾ ಎಂದು ಬೋರ್ಡಿನಲ್ಲಿ ಬರೆದಿರುವುದಿಲ್ಲ. ನಮ್ಮ ತಲೆಗೆ ಅದು ಆಗ ಹೊಳೆದಿರಲಿಲ್ಲ.

ಆ ಮಳೆಗಾಲ ಮುಗಿದ ಸಮಯ. ಟ್ರೇಗಳಲ್ಲಿ ಪೊರೆ ತೆಳುವಾಗುತ್ತಾ ಬಂತು. ಮೊದಲು ದಪ್ಪ ಕಾಗದದ ಹಾಗೆ ಇದ್ದದ್ದು ಟಿಶ್ಯೂ ಕಾಗದದಂತಾಯಿತು, ಮತ್ತೆ ಹಾಲಿನ ಕೆನೆಯಂತೆ, ಕೊನೆಗೆ ಮುಟ್ಟಿದರೆ ಹರಿಯುವಂತೆ. ಒಂದು ಬೆಳಗ್ಗೆ ನಾನು ಕೋಟು ಹಾಕುತ್ತಿದ್ದಾಗ ಪ್ರೆಸಿಲ್ಲಾ ಒಳಗಿಂದ ಕರೆದಳು.

"ಸುಕೇಶಣ್ಣ, ಇಲ್ಲಿ ಬನ್ನಿ ಒಮ್ಮೆ. ಇವತ್ತು ಏನೇನೂ ಇಲ್ಲ."

ಹೋಗಿ ನೋಡಿದೆ. ಹುಳಿ ಘಮ್ಮೆನ್ನುತ್ತಿತ್ತು. ನೀರು ಎಷ್ಟು ತಿಳಿ ಎಂದರೆ ಟ್ರೇಯ ತಳದಲ್ಲಿದ್ದ ಗೀರು ಕಾಣುತ್ತಿತ್ತು. ಪೊರೆ ಮಾತ್ರ ಇಲ್ಲ. ಯಾವ ಟ್ರೇಯಲ್ಲೂ ಇಲ್ಲ. ಓದುಗಕ್ಕೆ ತೊಟ್ಟು ಹಾಕಿದೆ. ಹಸಿರು.

ಮಿಸ್ರಿಯಾ ನಿಯಂತ್ರಣ ಕೋಣೆಗೆ ಕರೆ ಮಾಡಿದಳು. ಸ್ಪೀಕರಿನಲ್ಲಿ ಆ ಕಡೆಯವನ ಸ್ವರ ಕೇಳುತ್ತಿತ್ತು, ಏನೋ ಅಗಿಯುತ್ತಾ ಮಾತಾಡುತ್ತಿದ್ದ.

"ಮೇಡಂ, ನಿಮ್ಮದು ಹಸಿರು ಉಂಟಲ್ಲ. ಮತ್ತೆಂತ?"

"ಹಸಿರು ಉಂಟು, ಪೊರೆ ಇಲ್ಲ."

"ಹಾಗಾದ್ರೆ ಕಳ್ಳಿಗೆ ಯಾರೋ ನೀರು ಸೇರಿಸಿರಬೇಕು. ಈ ಕಳ್ಳಿನವರನ್ನು ನಂಬ್ಲಿಕ್ಕೆ ಆಗ್ತದಾ?"

ನಾನು ಮೈಕಿನ ಹತ್ತಿರ ಬಾಗಿದೆ. "ಕಳ್ಳು ಇಳಿಸುವವ ನನ್ನ ಅಣ್ಣನ ಮಗ. ನಿಮ್ಮ ಬಾಯಲ್ಲಿ ಇರುವುದನ್ನು ನುಂಗಿ, ಮತ್ತೆ ಮಾತಾಡಿ," ಎಂದೆ. ಮಿಸ್ರಿಯಾ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಹೊಸ ತಳಿ ಬೇಕಿದ್ದರೆ ಅರ್ಜಿ ಹಾಕಿ, ಮೇಲಿನಿಂದ ಒಪ್ಪಿಗೆ ಬಂದು ಕೈಗೆ ಸಿಗಲು ಎರಡು ತಿಂಗಳಾದರೂ ಬೇಕು ಎಂದ ಅವನು.

ಎರಡು ತಿಂಗಳು ನಮ್ಮ ಹತ್ತಿರ ಇರಲಿಲ್ಲ. ವಾರ್ಡಿನಲ್ಲಿ ಚರಣರಾಜ್ ಇದ್ದ.

ಚರಣ ದೋಣಿಯ ಬ್ಯಾಟರಿ ರಿಪೇರಿ ಮಾಡುವವ. ಬಂದರಿನಲ್ಲಿ ಒಂದು ದೋಣಿ ಹೊತ್ತಿಕೊಂಡಾಗ ಒಳಗಿದ್ದ ಇಬ್ಬರನ್ನು ಹೊರಗೆ ನೂಕಿ, ಉರಿಯುವ ಬ್ಯಾಟರಿಯ ವಯರನ್ನು ಕೈಯಿಂದಲೇ ಕಿತ್ತ. ತೊಡೆ ಸುಟ್ಟಿತು, ಎಡಗೈ ಸ್ವಲ್ಪ ಸುಟ್ಟಿತು, ಬಲಗೈಯ ಚರ್ಮ ಮೊಣಕೈವರೆಗೆ ಹೋಗಿತ್ತು. ಬೇರೆಯವರಿಗಾದರೆ ತೊಡೆಯ ಚರ್ಮ ತೆಗೆದು ಕೈಗೆ ಹಾಕುತ್ತಾರೆ. ಇವನ ತೊಡೆಯಲ್ಲೇ ಚರ್ಮ ಇರಲಿಲ್ಲ. ಇದ್ದ ಪೊರೆಗಳೆಲ್ಲ ತೊಡೆಗೆ, ಎಡಗೈಗೆ ಮುಗಿದಿದ್ದವು. ಬಲಗೈಗೆ ಪೊರೆ ಬೀಳದೆ ತಿಂಗಳು ದಾಟಿತೆಂದರೆ ಬೆರಳುಗಳು ಒಂದಕ್ಕೊಂದು ಅಂಟಿ ಮುದುಡಿಕೊಳ್ಳುತ್ತವೆ, ಆಮೇಲೆ ಬಿಡಿಸಲಾಗದು, ಕೀವು ಒಳಗೆ ಹೋದರೆ ಕತ್ತರಿಸಬೇಕಾದೀತು ಎಂದು ಸರ್ಜನ್ ನಮಗೆ ಹೇಳಿದ್ದರು. ಚರಣನಿಗೂ ಹೇಳಿದ್ದರು. ಅವನು ಕೇಳಿದ್ದು ಒಂದೇ. ಸ್ಕ್ರೂ ಹಿಡಿಯಲು ಎಷ್ಟು ಬೆರಳು ಉಳಿಯುತ್ತದೆ?

ಆ ದಿನ ನಾನು ಬರಿಗೈಯಲ್ಲಿ ವಾರ್ಡಿಗೆ ಹೋದೆ.

"ಎಂತ ಸುಕೇಶಣ್ಣ, ಇವತ್ತೂ ಹೋಟೆಲು ಬಂದ್?"

"ಹಿಟ್ಟು ಹುಳಿ ಬಂದಿದೆ, ದೋಸೆ ಏಳುವುದಿಲ್ಲ ಮಾರಾಯ."

"ಕಾವಲಿ ಬದಲಿಸಿ ನೋಡಿ," ಎಂದು ನಕ್ಕ. ಮಂಚದ ಬದಿಯಲ್ಲಿ ಅವನ ತಾಯಿ ಪುಷ್ಪಾವತಿ ಕೂತಿದ್ದಳು, ಮೀನು ಮಾರುವ ಹೆಂಗಸು, ಮಾರ್ಕೆಟಿನಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಆ ದಿನ ಅವಳು ನನಗೆ ಕೂರಲು ಸ್ಟೂಲು ಎಳೆದುಕೊಟ್ಟಳು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಸಂಜೆ ಮಿಸ್ರಿಯಾ ಹೇಳಿದಳು, "ಸುಕೇಶಣ್ಣ, ಬೋರ್ಡು ಓದಿದ್ದು ಸಾಕು. ಮನೆ ಒಳಗೆ ಹೋಗುವ. ಇಡೀ ದಾರ ಓದಿಸಿ."

ಇಡೀ ದಾರ ಎಂದರೆ ಮೂವತ್ತು ಲಕ್ಷಕ್ಕಿಂತ ಹೆಚ್ಚು ಅಕ್ಷರ. ಅದನ್ನು ಮತ್ತೆ ಮತ್ತೆ ಓದಿಸಿ, ತುಂಡುಗಳನ್ನು ಜೋಡಿಸಿ, ಆಸ್ಪತ್ರೆ ಶುರುವಾದಾಗ ಓದಿಟ್ಟಿದ್ದ ಹಳೆಯ ದಾರದ ಪಕ್ಕ ಇಟ್ಟು ನೋಡಬೇಕು. ಮರುದಿನ ಮಧ್ಯಾಹ್ನ ಪರದೆಯ ಮೇಲೆ ಬಂತು. ಸಾಲು ಸಾಲಾಗಿ ಎರಡೂ ಒಂದೇ. ನೂಲು ತೆಗೆಯುವ ಜೀನ್ ಇರುವ ಜಾಗಕ್ಕೆ ಬಂದಾಗ ಮಾತ್ರ ಹೊಸ ದಾರದಲ್ಲಿ ಒಂದು ಪರಕೀಯ ತುಂಡು ನಡುವೆ ನುಗ್ಗಿ ಕೂತಿತ್ತು. ಕೆಲವು ತುಂಡುಗಳಿಗೆ ಹೀಗೆ ಒಂದು ಕಡೆಯಿಂದ ಹಾರಿ ಇನ್ನೊಂದು ಕಡೆ ಕೂರುವ ಚಾಳಿ ಉಂಟು. ಜೀನ್ ಎರಡು ಹೋಳು. ಬ್ಯಾಕ್ಟೀರಿಯಾ ಅದೇ, ಹೆಸರೂ ಅದೇ, ಹುಳಿಯೂ ಮಾಡುತ್ತದೆ. ನೇಯ್ಗೆ ಬಿಟ್ಟಿದೆ.

"ಒಂದೆರಡು ಹೀಗೆ ಯಾವಾಗಲೂ ಹುಟ್ಟುತ್ತವೆ," ಎಂದಳು ಮಿಸ್ರಿಯಾ. "ಆದ್ರೆ ಎಲ್ಲ ಟ್ರೇಯಲ್ಲೂ ಅವೇ ತುಂಬಿದ್ದು ಹೇಗೆ? ಪೊರೆ ನೇಯದವು ಕೆಳಗೆ ನೀರಲ್ಲಿ ಇರ್ತವೆ, ನೇಯುವವು ಮೇಲೆ ಪೊರೆಯಲ್ಲೇ ಇರ್ತವೆ. ಪ್ರೆಸಿಲ್ಲಾ, ಹಳೇ ಟ್ರೇಯಿಂದ ಹೊಸತಕ್ಕೆ ಹೆಪ್ಪು ಹಾಕುವಾಗ ನೀವು ಎಂತ ತೆಗೆಯುವುದು?"

"ತಿಳಿ, ಮೇಡಂ. ಪೊರೆಯನ್ನು ಬದಿಗೆ ಸರಿಸಿ, ಕೆಳಗಿನ ತಿಳಿ ಒಂದು ಸೌಟು."

"ಪೊರೆ ಸ್ವಲ್ಪವೂ ಹಾಕುವುದಿಲ್ವಾ?"

"ಪೊರೆ ಹಾಕಿದ್ರೆ ವಿನೇಗರ್ ಕೆಡ್ತದಲ್ಲ ಮೇಡಂ. ಬೂಷ್ಟು ಹಿಡಿದ ಹಾಗೆ ಕಾಣ್ತದೆ, ಯಾರೂ ಮುಟ್ಟುವುದಿಲ್ಲ. ನಮ್ಮ ಅಮ್ಮ ದಿನಾ ಬೆಳಿಗ್ಗೆ..." ಎಂದವಳು ಅಲ್ಲಿಗೆ ನಿಲ್ಲಿಸಿದಳು.

ಯೋಚಿಸಿ ನೋಡಿ. ವಿನೇಗರ್ ಮಾಡುವ ಯಾವ ಮನೆಯಲ್ಲಿಯೂ ಪೊರೆಯನ್ನು ಇಟ್ಟುಕೊಳ್ಳುವುದಿಲ್ಲ. ಮೇಲೆ ಕಟ್ಟಿದರೆ ತೆಗೆದು ಬಾಳೆಬುಡಕ್ಕೆ ಹಾಕುತ್ತಾರೆ. ತಿಳಿ ವಿನೇಗರ್ ಇದ್ದ ಮನೆಯ ಹೆಂಗಸಿಗೆ ಊರಲ್ಲಿ ಹೆಸರು. ಆಸ್ಪತ್ರೆಗೆ ಬೇಕಾದದ್ದು ಪೊರೆ. ಆದರೂ ಹೆಪ್ಪು ಹಾಕುವ ಗಳಿಗೆ ಬಂದಾಗ ಆ ಹೆಂಗಸರ ಕೈ ತಾಯಂದಿರು ಕಲಿಸಿದ ಹಾಗೆಯೇ ಹೋಯಿತು. ಒಂದೊಂದು ಸಲ ಹೆಪ್ಪು ಹಾಕಿದಾಗಲೂ ನೇಯುವವನ್ನು ಬಿಟ್ಟು ನೇಯದವನ್ನು ಆರಿಸಿದ ಹಾಗಾಯಿತು. ನಾವೆಲ್ಲ ಪಕ್ಕದಲ್ಲೇ ನಿಂತು ನೋಡುತ್ತಿದ್ದೆವು. ನಮ್ಮ ಊರಿನ ಕಣ್ಣಿಗೆ ಅದು ಅಚ್ಚುಕಟ್ಟಾದ ಕೆಲಸ.

"ನಾನು ನಾಳೆಯಿಂದ ಬರುವುದಿಲ್ಲ ಮೇಡಂ," ಎಂದಳು ಪ್ರೆಸಿಲ್ಲಾ.

"ಯಾಕೆ? ಹಳೇ ಟ್ರೇಯಿಂದ ಸ್ವಲ್ಪ ಹಾಕಿ ಅಂತ ಹೇಳಿಕೊಟ್ಟವಳು ನಾನು. ಎಲ್ಲಿಂದ ಸ್ವಲ್ಪ ಅಂತ ನಾನು ಹೇಳಿದ್ದೇನಾ? ಮನೆಗೆ ಹೋಗುವುದಾದ್ರೆ ಇಬ್ಬರೂ ಒಟ್ಟಿಗೆ ಹೋಗುವ. ಚರಣನ ಕೈಗೆ ಸುಕೇಶಣ್ಣ ಊದ್ತಾ ಕೂತುಕೊಳ್ಳಲಿ."

ಫ್ರೀಜರಿನಲ್ಲಿ ತೆಗೆದಿಟ್ಟಿದ್ದ ತಳಿ ಏನಾಯಿತು ಎಂದು ನೀವು ಕೇಳಬಹುದು. ಬುದ್ಧಿವಂತರು ನೀವು. ಅದನ್ನೂ ಆಗಾಗ ಟ್ರೇಯ ತಿಳಿಯಿಂದಲೇ ಹೊಸದು ಮಾಡಿ ಇಡುತ್ತಿದ್ದೆವು. ಓದಿ ನೋಡಿದೆವು, ಅದೂ ಎರಡು ಹೋಳು. ಆಮೇಲೆ ನೇಯುವ ತಳಿ ಹುಡುಕಿಕೊಂಡು ಊರಿನ ಮನೆಗಳಿಗೆ ಹೋದೆವು. ಎಲ್ಲರೂ ಪ್ರೀತಿಯಿಂದ ಭರಣಿ ತೆರೆದರು, ನನ್ನದು ನೋಡಿ ನನ್ನದು ನೋಡಿ ಎಂದು ಪೈಪೋಟಿ ಬೇರೆ. ತಿಳಿ ಎಂದರೆ ತಿಳಿ. ತಲೆಮಾರುಗಳಿಂದ ಪೊರೆ ತೆಗೆದು ತೆಗೆದು, ಇದ್ದದ್ದು ಅಸಿಟೋಬ್ಯಾಕ್ಟರ್ ಎಂಬ ಬೇರೆ ನೆಂಟ, ಇಲ್ಲವೇ ನೇಯ್ಗೆ ಮರೆತ ನಮ್ಮದೇ ಜಾತಿ.

ಕೊನೆಯ ಮನೆಯಿಂದ ಹೊರಗೆ ಬಂದಾಗ ಮಿಸ್ರಿಯಾ ದಾರಿಯಲ್ಲೇ ನಿಂತಳು. "ಬಹಳ ದಿನ ಯಾರೂ ಸೌಟು ಹಾಕದ ಭರಣಿ ಬೇಕು ನಮಗೆ. ಅಲುಗಿಸದೆ ಬಿಟ್ರೆ ಗಾಳಿಗೆ ಮೇಲೆ ಬಂದು ನೇಯುವವೇ ಗೆಲ್ತವೆ. ಅಂಥದ್ದು ಈ ಊರಲ್ಲಿ ಇರ್ಲಿಕ್ಕೆ ಸಾಧ್ಯ ಉಂಟಾ?"

ಪ್ರೆಸಿಲ್ಲಾ ಚಪ್ಪಲಿಯ ಮಣ್ಣು ಕೊಡವಲು ಬಗ್ಗಿದಳು. ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಬಾಯಿ ಬಿಡುವ ಧೈರ್ಯ ಇರಲಿಲ್ಲ.

ಪಡುಕೋಡಿಯ ಕ್ರಿಸ್ತುವರಲ್ಲಿ ಒಂದು ಕಟ್ಟುಪಾಡು. ಮನೆಯ ಯಜಮಾನ ತೀರಿಕೊಂಡರೆ ವಿನೇಗರ್ ಭರಣಿಗೆ ಕಪ್ಪು ಬಟ್ಟೆ ಕಟ್ಟುತ್ತಾರೆ. ವರ್ಷದ ಪೂಜೆ ಆಗುವ ತನಕ ಅದನ್ನು ಬಿಚ್ಚುವುದಿಲ್ಲ, ಅಲುಗಿಸುವುದೂ ಇಲ್ಲ. ಹಬ್ಬದ ಅಡುಗೆ ಇಲ್ಲ ಎಂದು ಅರ್ಥ. ಅಂಥ ಬಟ್ಟೆ ಆಗ ಒಂದೇ ಮನೆಯಲ್ಲಿ ಇತ್ತು. ಐರಿನ್ ಬಾಯಿಯ ಮನೆ. ಅದರ ಹಿಂದಿನ ವರ್ಷದ ಕೊನೆಯಲ್ಲಿ ಆಕೆಯ ಗಂಡ ಸಿರಿಲ್ ಸಮುದ್ರದಲ್ಲಿ ಎದೆನೋವು ಬಂದು ಹೋಗಿಬಿಟ್ಟಿದ್ದ. ಆ ಸಿರಿಲ್ ಈ ಪ್ರೆಸಿಲ್ಲಾಳ ಸ್ವಂತ ಅಣ್ಣ.

ನಾವು ಮೂವರೂ ಹೋದೆವು. ಐರಿನ್ ಬಾಯಿ ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಬೂತಾಯಿ ಮೀನು ಸರಿಮಾಡುತ್ತಿದ್ದಳು.

"ಬನ್ನಿ ಬನ್ನಿ. ಸಾವಿಗೆ ಬಂದ ಮೇಲೆ ಇವತ್ತು ದಾರಿ ಸಿಕ್ಕಿದ್ದಾ ಸುಕೇಶರಿಗೆ? ಓದುವ ಪೆಟ್ಟಿಗೆ ಬೇರೆ ತಂದಿದ್ದೀರಿ. ಊರಿಡೀ ಭರಣಿ ಮುಟ್ಟಿ ಆಯಿತು ಅಂತ ಕೇಳಿದೆ."

"ಒಂದು ಬಾಕಿ ಉಂಟು ಬಾಯಮ್ಮ."

ಆಕೆ ಚೂರಿ ಕೆಳಗಿಟ್ಟಳು. ಒಳಗೆ ಮೂಲೆಯಲ್ಲಿ ಭರಣಿ ಕಾಣುತ್ತಿತ್ತು, ಕುತ್ತಿಗೆಗೆ ಕಪ್ಪು ಬಟ್ಟೆ. "ಕಟ್ಟಿದ್ದು ಕಾಣುವುದಿಲ್ವಾ?"

"ಕಾಣ್ತದೆ. ಅದಕ್ಕೇ ಬಂದದ್ದು."

ಪ್ರೆಸಿಲ್ಲಾ ಮುಂದೆ ಬಂದಳು. ಆಮೇಲೆ ಅವರು ಕೊಂಕಣಿಯಲ್ಲಿ ಮಾತಾಡಿದರು, ನಾನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ. "ಅತ್ತಿಗೆ, ಹಾಳು ಮಾಡಿದ್ದು ನಾನೇ. ಆಸ್ಪತ್ರೆಯ ಪೊರೆಯನ್ನು ಮನೆಯದ್ದರ ಹಾಗೆ ತೆಗೆದು ತೆಗೆದು ಬಿಸಾಡಿದೆ."

"ನಮ್ಮ ಅಮ್ಮಂದಿರು ಎಲ್ಲರೂ ಹಾಗೇ ಮಾಡಿದ್ದಲ್ವಾ. ಅವರು ವಿನೇಗರ್ ಮಾಡಿದ್ದು, ಚರ್ಮ ಮಾಡಿದ್ದಲ್ಲ. ಅಳಬೇಡ, ಮೂಗು ಒರೆಸಿಕೋ." ಮತ್ತೆ ನಮ್ಮ ಕಡೆ ತಿರುಗಿ ಐರಿನ್ ಬಾಯಿ ಕನ್ನಡದಲ್ಲಿ ಹೇಳಿದಳು, "ಆ ಕಳ್ಳು ತಂದು, ಸೋಸಿ, ತುಂಬಿಸಿ ಇಟ್ಟವರು ನಮ್ಮ ಯಜಮಾನರು. ಇಟ್ಟು ದೋಣಿಗೆ ಹೋದವರು. ಮತ್ತೆ ಅವರನ್ನು ಎತ್ತಿಕೊಂಡು ಬಂದದ್ದು. ವರ್ಷದ ಪೂಜೆ ಆಗಲಿ. ಆದ ದಿನವೇ ಭರಣಿ ಸಮೇತ ತಗೊಂಡು ಹೋಗಿ, ಒಂದು ಮಾತು ಆಡುವುದಿಲ್ಲ."

"ಅಷ್ಟರ ತನಕ ಆ ಹುಡುಗನ ಕೈ ಇರುವುದಿಲ್ಲ," ಎಂದೆ.

"ಯಾವ ಹುಡುಗ?"

ಪ್ರೆಸಿಲ್ಲಾ ನನ್ನ ಕಾಲು ತುಳಿದಳು. ಆದರೆ ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ, ಆಗಲೂ ಬರುತ್ತಿರಲಿಲ್ಲ. "ಚರಣ. ಮೀನಿನ ಪುಷ್ಪಾವತಿಯ ಮಗ."

ಐರಿನ್ ಬಾಯಿ ಗಟ್ಟಿಯಾಗಿ ನಕ್ಕಳು. "ಸರಿ ಹೋಯಿತು. ಸಿರಿಲ್‌ನ ಸಾವಿಗೆ ಇಡೀ ಊರು ಬಂತು, ಅವಳೊಬ್ಬಳು ಬರಲಿಲ್ಲ. ಒಂದು ದಿನ ಅವಳ ಬುಟ್ಟಿಯ ಮೀನು ಹಳತು ಅಂತ ಹೇಳಿದ್ದಕ್ಕೆ ಇಷ್ಟು ವರ್ಷ ನನ್ನ ಮುಖ ನೋಡುವುದಿಲ್ಲ. ಅವಳ ಮಗನಿಗಾಗಿ ನಾನು ಭರಣಿಯ ಗಂಟು ಬಿಚ್ಚಬೇಕಾ?"

"ಜಗಳ ಅವಳದ್ದು ಬಾಯಮ್ಮ. ಕೈ ಅವನದ್ದು."

ಆಕೆ ಮೀನಿನ ಬುಟ್ಟಿ ಹತ್ತಿರ ಎಳೆದಳು. ಚೂರಿ ತೆಗೆದುಕೊಂಡಳು, ಒಂದು ಮೀನಿನ ತಲೆ ತೆಗೆದಳು, ಮತ್ತೆ ಚೂರಿ ಇಟ್ಟಳು. ಕೋಳಿಯೊಂದು ಬಂದು ಆ ತಲೆಯನ್ನು ಎಳೆದುಕೊಂಡು ಹೋಯಿತು, ಓಡಿಸಲೂ ಇಲ್ಲ.

"ಯಾವ ಕೈ?"

"ಬಲಗೈ."

"ಬೆರಳು ಉಂಟಾ?"

"ಇವತ್ತು ಉಂಟು."

ಎದ್ದು ಕೈ ತೊಳೆದುಕೊಂಡಳು. ಸಾಬೂನು ಹಾಕಿ ಮತ್ತೊಮ್ಮೆ ತೊಳೆದಳು. ನಮಗೆ ಹೊರಗೆ ನಿಲ್ಲಲು ಹೇಳಿ ಒಳಗೆ ಹೋದಳು. ಒಳಗಿಂದ ಜಪದ ಸ್ವರ ಕೇಳಿತು, ನಡುವೆ ಗಂಡನ ಹೆಸರು. ಪ್ರಾರ್ಥನೆ ಮಾಡಿದಳಾ, ಗಂಡನಿಗೆ ಬೈದಳಾ, ಯಾರಿಗೆ ಗೊತ್ತು. ಆಮೇಲೆ ಕರೆದಳು. "ಪ್ರೆಸಿಲ್ಲಾ, ನೀನು ಬಂದು ಭರಣಿ ಹಿಡಿ. ಅವರ ತಂಗಿ ಅಲ್ವಾ ನೀನು."

ನಾವಿಬ್ಬರೂ ಅವಳ ಹಿಂದೆ ಒಳಗೆ ಹೋದೆವು. ಗಂಟನ್ನು ಐರಿನ್ ಬಾಯಿಯೇ ಬಿಚ್ಚಿದಳು. ಮುಚ್ಚಳ ತೆಗೆದಾಗ ಹುಳಿ ನಮ್ಮ ಕಣ್ಣಿಗೆ ಹೊಡೆಯಿತು. ಬಾಗಿ ನೋಡಿದೆವು. ಇಷ್ಟು ವರ್ಷ ಆ ಕೆಲಸ ಮಾಡಿದ ನಾನು ಅಂಥದ್ದನ್ನು ನೋಡಿರಲಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಪೊರೆ, ಎಳೆ ತೆಂಗಿನ ಗಂಜಿಯ ಹಾಗೆ ಹೊಳೆಯುತ್ತಾ, ಭರಣಿಯ ಬಾಯಿಯ ಅಳತೆಗೆ ಸರಿಯಾಗಿ ತೇಲುತ್ತಿತ್ತು. ಮಿಸ್ರಿಯಾ ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಪ್ರೆಸಿಲ್ಲಾಳ ಕೈ ತಾನಾಗಿ ಸೌಟಿನ ಕಡೆ ಹೋಗಿ, ಸೌಟು ಪೊರೆಯ ಅಂಚಿಗೆ ತಾಗಿತು, ಎತ್ತಿ ಬಿಸಾಡಲಿಕ್ಕೆ. ಅವಳೇ ಬೆಚ್ಚಿ ಕೈ ಹಿಂದೆ ತೆಗೆದುಕೊಂಡಳು.

"ಸೌಟನ್ನು ನನ್ನ ಹತ್ತಿರ ಕೊಡು," ಎಂದಳು ಐರಿನ್ ಬಾಯಿ, "ಇಲ್ಲದಿದ್ರೆ ನೀನು ಇದನ್ನೂ ಬಾಳೆಬುಡಕ್ಕೆ ಹಾಕ್ತೀ."

ಪೊರೆಯ ಒಂದು ಎಳೆಯನ್ನು ಹರಿದು, ಅರೆದು, ಓದುಗಕ್ಕೆ ಹಾಕಿದೆವು. ಆಕೆಯ ಅಡುಗೆಮನೆಯ ಮೇಜಿನಲ್ಲೇ, ಅಕ್ಕಿ ಡಬ್ಬದ ಪಕ್ಕ. ಬೋರ್ಡಿನ ತುಂಡು ಕೂಡಲೇ ಬಂತು, ಹಸಿರು. ಆದರೆ ಹಸಿರಿಗೆ ಆಗ ನಮ್ಮ ಹತ್ತಿರ ಮರ್ಯಾದೆ ಉಳಿದಿರಲಿಲ್ಲ. ಇಡೀ ದಾರ ಓದಲಿ ಎಂದು ಬಿಟ್ಟು ಮನೆಗೆ ಹೋದೆವು. ಆ ಯಂತ್ರವನ್ನು ಐರಿನ್ ಬಾಯಿ ರಾತ್ರಿಯಿಡೀ ಬೆಕ್ಕು ಮುಟ್ಟದ ಹಾಗೆ ಬುಟ್ಟಿ ಮುಚ್ಚಿ ಕಾಪಾಡಿದಳಂತೆ. ಮರುದಿನ ಹೋದಾಗ ಬಾಗಿಲಲ್ಲೇ ಕೇಳಿದಳು, "ಎಂತ ಹೇಳ್ತದೆ ನಿಮ್ಮ ಸೋಪಿನ ಪೆಟ್ಟಿಗೆ?"

ಮಿಸ್ರಿಯಾ ಪರದೆಯನ್ನು ಆಕೆಗೇ ತೋರಿಸಿದಳು. ನೂಲು ತೆಗೆಯುವ ಜೀನ್ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ, ನಡುವೆ ಯಾರೂ ನುಗ್ಗಿಲ್ಲ. ನಮ್ಮ ಹಳೆಯ ತಳಿಯಲ್ಲಿ ಇಲ್ಲದ ಒಂದು ಸಂಗತಿಯೂ ಇತ್ತು. ಆ ಜೀನಿನ ಇನ್ನೊಂದು ಪೂರ್ತಿ ಪ್ರತಿ. ಒಂದು ಮುರಿದರೂ ಇನ್ನೊಂದು ನೇಯುತ್ತದೆ. "ಬಾಯಮ್ಮ, ನಿಮ್ಮ ಭರಣಿಯಲ್ಲಿ ಎರಡು ಮಗ್ಗ ಉಂಟು," ಎಂದಳು.

ನಿಯಂತ್ರಣ ಕೋಣೆಯವನು ಮೊದಲು ಆಗುವುದಿಲ್ಲ ಎಂದ. ಮನೆಯ ಭರಣಿಯಿಂದ ರೋಗಿಗೆ ಎಂದರೆ ಕಾನೂನು ಏನು ಹೇಳುತ್ತದೆ ಎಂದ. ಮಿಸ್ರಿಯಾ ಇಡೀ ದಾರವನ್ನು ಕಳಿಸಿದಳು. "ಇದರಲ್ಲಿ ವಿಷ ಮಾಡುವ ಜೀನ್ ಒಂದು ತೋರಿಸಿ, ನಾನು ಭರಣಿ ಮುಚ್ಚಿ ವಾಪಸು ಕೊಡ್ತೇನೆ. ಕಾನೂನು ಕೇಳುವುದು ಇದು ಯಾರು ಅಂತ. ಯಾರು ಅಂತ ಇಷ್ಟು ಸರಿಯಾಗಿ ಇಷ್ಟರ ತನಕ ನಿಮಗೆ ಯಾರಾದ್ರೂ ಹೇಳಿದ್ದಾರಾ?" ಆ ಕಡೆ ಅಗಿಯುವುದು ನಿಂತಿತು. ಅವನು ಓದಿದ, ಮೇಲಿನವರಿಗೂ ಓದಿಸಿದ. ಸಂಜೆಗೆ ಒಪ್ಪಿಗೆ ಬಂತು. ಅವನಿಗೂ ಒಳ್ಳೆಯದಾಗಲಿ.

ಈ ಸಲ ಪ್ರೆಸಿಲ್ಲಾ ಪೊರೆಯನ್ನೇ ತುಂಡು ತುಂಡು ಮಾಡಿ ಹೊಸ ಟ್ರೇಗಳಿಗೆ ಇಳಿಸಿದಳು. ಟ್ರೇಯನ್ನು ಯಾರಾದರೂ ಅಲುಗಿಸಿದರೆ ಕೈ ಮುರಿಯುತ್ತೇನೆ ಎಂದು ಎಲ್ಲರಿಗೂ ಹೇಳಿಟ್ಟಳು, ಡಾಕ್ಟರನ್ನೂ ಸೇರಿಸಿ. ಮೊದಲು ಒಂದು ಮಂಜು ಕಂಡಿತು. ಮತ್ತೆ ಕೆನೆ. ವಾರದ ಕೊನೆಗೆ ಅವಳು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಾಗ ಹಾಳೆ ಜೋತು ಬಿತ್ತು, ಹರಿಯಲಿಲ್ಲ. ಕುದಿಸಿದೆವು, ತೊಳೆದೆವು, ಮತ್ತೆ ತೊಳೆದೆವು, ಸರ್ಜನ್ ಅದನ್ನು ಚರಣನ ಬಲಗೈಗೆ ಒಂದೊಂದೇ ಬೆರಳಿಗೆ ಬೇರೆ ಬೇರೆಯಾಗಿ ಸುತ್ತಿದರು. ತಿಂಗಳು ಮುಗಿಯಲು ಇನ್ನೂ ಸ್ವಲ್ಪ ದಿನ ಇತ್ತು.

ಚರಣ ಕಣ್ಣು ಮುಚ್ಚಿಕೊಂಡಿದ್ದ. "ತಂಪುಂಟು," ಎಂದ. ಸ್ವಲ್ಪ ಹೊತ್ತಾದ ಮೇಲೆ, "ಚಟ್ನಿ ಇಲ್ವಾ?" ಎಂದ.

ಆ ದಿನ ಪುಷ್ಪಾವತಿ ನನ್ನನ್ನು ವರಾಂಡದಲ್ಲಿ ಹಿಡಿದು ನಿಲ್ಲಿಸಿದಳು. ಇದು ಎಲ್ಲಿಂದ ಬಂತು ಎಂದು ಕೇಳಿದಳು. ಹೇಳಿದೆ. ಕಪ್ಪು ಬಟ್ಟೆಯ ವಿಷಯವನ್ನೂ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಹೋದಳು. ಮರುದಿನ ಬೆಳಗ್ಗೆ ನನ್ನ ಮನೆಗೆ ಒಂದು ದೊಡ್ಡ ಅಂಜಲ್ ಮೀನು ಬಂತು, ಐರಿನ್ ಬಾಯಿಗೆ ಮುಟ್ಟಿಸಿ ಎಂದು. ತೆಗೆದುಕೊಂಡು ಹೋದೆ. ಐರಿನ್ ಬಾಯಿ ಮೀನಿನ ಕಿವಿರು ಎತ್ತಿ ಬಣ್ಣ ನೋಡಿದಳು.

"ಹಳತಲ್ಲ," ಎಂದಳು. "ಆದ್ರೆ ಇಷ್ಟು ದೊಡ್ಡದನ್ನು ನಾನೊಬ್ಬಳು ತುಂಡು ಮಾಡುವುದು ಹೇಗೆ? ಕಳಿಸಿದವಳೇ ಬಂದು ಮಾಡಿಕೊಡ್ಲಿ ಅಂತ ಹೇಳಿ."

ಪುಷ್ಪಾವತಿ ಹೋದಳು. ಮೀನು ತುಂಡು ಮಾಡಲು ಅಷ್ಟು ಹೊತ್ತು ಬೇಕಾಗಿರಲಿಲ್ಲ, ಆದರೆ ಮಧ್ಯಾಹ್ನ ದಾಟಿದರೂ ಹೊರಗೆ ಬರಲಿಲ್ಲ.

ಆ ಹೊಸ ತಳಿಗೆ ಪಟ್ಟಿಯಲ್ಲಿ ಒಂದು ಹೆಸರು ಬೇಕಿತ್ತು. ಸಿರಿಲ್ ಎಂದು ಇಡುವ ಎಂದು ಮಿಸ್ರಿಯಾ ಕೇಳಲು ಹೋದಳು. ಐರಿನ್ ಬಾಯಿ ಬೇಡವೇ ಬೇಡ ಎಂದಳು. "ಅವರಿಗೆ ಹುಳಿ ಕಂಡರೆ ಆಗ್ತಿರ್ಲಿಲ್ಲ ಮೇಡಂ. ಮಾಡಿ ಇಡುವುದು ನನಗೋಸ್ಕರ. ಊರಿನ ಹೆಸರು ಇಡಿ." ಹಾಗಾಗಿ ಪಡುಕೋಡಿ ಎಂದಾಯಿತು. ಆಮೇಲೆ ಅದು ಎಷ್ಟು ಊರುಗಳ ಆಸ್ಪತ್ರೆಗೆ ಹೋಯಿತು ಎಂದು ನಾನು ಲೆಕ್ಕ ಇಟ್ಟಿಲ್ಲ. ಪ್ರೆಸಿಲ್ಲಾ ಹೋದಲ್ಲೆಲ್ಲ ಹೆಪ್ಪು ಹಾಕುವುದನ್ನು ತಾನೇ ನಿಂತು ಕಲಿಸಿ ಬಂದಳು, ವಿಮಾನದಲ್ಲೆಲ್ಲ ಹೋದಳು ಅವಳು. ಬರೀ ಹೆಸರು ಓದಿದರೆ ಸಾಲದು, ಕೆಲಸದ ಜೀನನ್ನೂ ಪ್ರತಿ ಬೆಳಗ್ಗೆ ಓದಬೇಕು ಎಂದು ಕಾನೂನು ಬದಲಾದದ್ದೂ ಆಮೇಲೆಯೇ.

ಚರಣನ ಕೈಯ ಕಟ್ಟು ಪೂರ್ತಿ ತೆಗೆದ ದಿನ ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು. ಕೈ ಗುಲಾಬಿ ಬಣ್ಣಕ್ಕಿತ್ತು, ಮಗುವಿನದ್ದರ ಹಾಗೆ ನಯ. ಬಗ್ಗಿಸು ಎಂದರು ಸರ್ಜನ್. ತೋರುಬೆರಳು ಬಗ್ಗಿತು. ನಡುಬೆರಳು, ಉಂಗುರಬೆರಳು ಒಟ್ಟೊಟ್ಟಿಗೆ ಬಗ್ಗಿದವು. ಕಿರುಬೆರಳು ನಡುಗಿ, ನಿಂತು, ಮತ್ತೆ ಬಗ್ಗಿತು. ಹೆಬ್ಬೆರಳು ಬಂದು ಅವುಗಳ ಮೇಲೆ ಕೂತಿತು. ಮುಷ್ಟಿ. ಐದೂ ಬೆರಳಿನ ಮುಷ್ಟಿ. ಅವನು ಅದನ್ನು ಬಿಚ್ಚಿದ, ಮುಚ್ಚಿದ, ಬಿಚ್ಚಿದ. ಮತ್ತೆ ಪ್ರೆಸಿಲ್ಲಾಳ ಕೈ ಹಿಡಿದು ಒತ್ತಿದ, ಅವಳು ನೋವಾಗುತ್ತದೆ ಬಿಡು ಎನ್ನುವ ತನಕ.

ಕೇಳಿ ಆಯಿತಲ್ಲ. ಇನ್ನು ಒಂದು ಕೆಲಸ ಮಾಡಿ. ನಿಮ್ಮ ಗುರುತಿನವರು ಯಾರಾದರೂ ಎಲ್ಲಾದರೂ ಸುಟ್ಟಗಾಯವಾಗಿ ಆ ಬಿಳಿ ಹಾಳೆ ಹಾಕಿಸಿಕೊಂಡು ಮಲಗಿದ್ದರೆ, ಇದನ್ನು ಅವರಿಗೆ ಕಳಿಸಿ. ಮಲಗಿದವರಿಗೆ ಕೇಳಲು ಸಮಯ ಇರುತ್ತದೆ. ಅವರ ಮೈಮೇಲೆ ಇರುವುದು ಒಬ್ಬ ಹೆಂಗಸು ಗಂಡನ ದುಃಖದ ಗಂಟನ್ನು ದಿನ ತುಂಬುವ ಮೊದಲೇ ಬಿಚ್ಚಿ ಕೊಟ್ಟದ್ದು ಎಂದು ಅವರಿಗೆ ಗೊತ್ತಿರಲಿ. ಅವರು ಗುಣವಾಗಿ ಇನ್ನೊಬ್ಬರಿಗೆ ಹೇಳಲಿ. ಹೇಳುವಾಗ ಐರಿನ್ ಬಾಯಿಯ ಹೆಸರು, ಪ್ರೆಸಿಲ್ಲಾಳ ಹೆಸರು, ಮಿಸ್ರಿಯಾಳ ಹೆಸರು ಬಿಡಬಾರದು. ನನ್ನದು ಬಿಟ್ಟರೂ ಅಡ್ಡಿಯಿಲ್ಲ. ಬಿಡದಿದ್ದರೆ ಇನ್ನೂ ಒಳ್ಳೆಯದು.